ಮಾರೇನಹಳ್ಳಿಗೆ ಹೋದ ರೊಟ್ಟಿ ಪೆಟಗಿ

ಮಾರೇನಹಳ್ಳಿ, ವಿಜಯನಗರ
ಬೆಂಗಳೂರು
ಸೋಮವಾರ, 9 ಜೂನ್ 2003

ಅಕ್ಕಾ,

ನಾ ಹ್ಯಾಂಗದೀನಿ, ನೀ ಹ್ಯಾಂಗದಿ ಅನ್ನೂದು ಆಮ್ಯಾಲಿರಲಿ. ಮೊದಲ ರೊಟ್ಟಿ ಮಾತು ಮುಗಸೂಣು.

ನಾಕನೂರು ಕಡಕ್ ರೊಟ್ಟಿ ಕಳಿಸೀನಿ ಅಂತ ನೀ ಬರದಿದ್ದಿ. ಪೆಟಗಿ ಬಿಚ್ಚಿ ಒಂದೊಂದ ಎತ್ತಿ ಎಣಿಸೀನಿ. ಇಡೀ ಇದ್ದದ್ದು ಇನ್ನೂರಾ ಎಪ್ಪತ್ತು. ಉಳದದ್ದೆಲ್ಲಾ ಚೂರು. ಬಸ್ಸಿನ ಟಾಪ್ ಮ್ಯಾಲ ನಮ್ಮ ಪೆಟಗಿ, ಅದರ ಮ್ಯಾಲ ಯಾರದೋ ಹೊಲಿಗಿ ಮಷೀನು! ನಮ್ಮನಿಯವರು ಮುಂಜಾನೆ ನವರಂಗ್ ಸ್ಟಾಪಿನಾಗ ಇಳಿಸಿಕೊಳ್ಳೂಮುಂದನ ಪೆಟಗಿ ಒಂದು ಮಗ್ಗಲಾ ಕುಸದಿತ್ತಂತ. ಡ್ರೈವರ್ ವೆಂಕಟೇಶಗ ಕೇಳಿದ್ರ, "ಒಳಗ ಏನೈತಿ ಅಂತ ಮ್ಯಾಲ ಬರದಿಲ್ಲಲ್ರೀ, ನಾ ಪಾತ್ರಿ ಸಾಮಾನು ಅಂತ ತಿಳದೆ" ಅಂದನಂತ. ದೊಡ್ಡಕ್ಷರದಾಗ ಬರೀ ಅಂತ ನಿನಗ ಎಷ್ಟು ಸಲ ಹೇಳೀನಿ.

ನಮ್ಮ ಖಾನಾವಳಿಗೆ ಈಗ ಮೂವತ್ತೆರಡು ಮಂದಿ ಬರ್ತಾರ. ಮಧ್ಯಾಹ್ನ ತಲಿಗೆ ಎರಡು ರೊಟ್ಟಿ, ವಾರಕ್ಕ ಆರು ದಿನ. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ನಾಗ ಬಟ್ಟಿ ಕತ್ತರಸೋ ಬಾಳೇಶ ಅಂತ ಒಬ್ಬ ಅದಾನ, ಗೋಕಾಕ ಕಡೆಯಾಂವ. ಇವತ್ತ ತಾಟಿನಾಗಿನ ಚೂರು ನೋಡಿ, "ಅಕ್ಕಾರ, ಇದನ್ನ ಉಣ್ಣೂದೋ, ಜೋಡಸೂದೋ?" ಅಂದ. ಎಲ್ಲಾರೂ ನಕ್ಕರು. ನನಗ ನಗಿ ಬರಲಿಲ್ಲ.

ಮುಂದಿನ ವಾರ ಐನೂರು ಕಳಸು. ನೂರು ಮುರದರೂ ನಾಕನೂರು ಉಳೀತಾವ. ಊರಾಗಿನ ಫೋನು ಇನ್ನೂ ಸತ್ತ ಬಿದ್ದೈತಿ. ಪೋಸ್ಟಿಗೆ ಹಾಕಿದ್ರ ವಾರ ಹಿಡೀತೈತಿ. ಅದಕ್ಕ ಈ ಪತ್ರಾನೂ ಖಾಲಿ ಪೆಟಗಿಯೊಳಗ ಇಟ್ಟೀನಿ.

ನಿನ್ನ ತಂಗಿ
ಕಲಾವತಿ


ಕಲ್ಲೂರ, ತಾ. ರಾಮದುರ್ಗ
ರವಿವಾರ, 15 ಜೂನ್ 2003

ತಂಗೀ ಕಲಾವತಿ,

ನಿನ್ನ ಪತ್ರ ಮುಟ್ಟಿತು. ಬೈಗಳಾನೂ ಮುಟ್ಟಿದ್ವು.

ಇಲ್ಲಿಂದ ಹೊಂಡೂಮುಂದ ಒಂದ ರೊಟ್ಟಿ ಅಂಚು ಸೀಳಿರಲಿಲ್ಲ, ತಿಳ್ಕೋ. ನಾನು, ಬಾಜೂ ಮನಿ ಬೋರಮ್ಮ, ಮತ್ತ ಮೂರು ಮಂದಿ ಹೆಣಮಕ್ಕಳು ಶನಿವಾರ ಮುಂಜಾನೆ ಒಲಿ ಹಚ್ಚಿ ಕುಂತ್ರ ಮಧ್ಯಾಹ್ನಕ್ಕ ಏಳ್ತೀವಿ. ಬಡದು, ಬೇಯಿಸಿ, ಒಲಿ ಸುತ್ತ ನಿಲ್ಲಿಸಿ, ಆರಿದ ಮ್ಯಾಲ ಅರಿವಿ ಹಾಸಿ ಕಟ್ತೀವಿ. ಇಷ್ಟು ಮಾಡಿದ ಮ್ಯಾಲ ಬಸ್ಸಿನ ಟಾಪಿಗೂ ನಾನ ಹತ್ತಿ ಕುಂದರಲೇನು?

ಈ ಸಲ ಪೆಟಗಿ ಒಳಗ ಬಿದರಿನ ಬುಟ್ಟಿ ಇಟ್ಟು, ಬುಟ್ಟಿಯೊಳಗ ರೊಟ್ಟಿ ಇಟ್ಟೀನಿ. ಪೆಟಗಿ ಮ್ಯಾಲ ಬೋರಮ್ಮ ಇದ್ದಿಲೀಲೆ "ರೊಟ್ಟಿ" ಅಂತ ಬರದಾಳ. ರಾತ್ರಿ ಸಾಲ್ಯಾಗ ಕಲತದ್ದು ಉಪಯೋಗಕ್ಕ ಬಂತು ಅಂತ ಅಕಿಗೆ ಹಿಗ್ಗೋ ಹಿಗ್ಗು. ನೀ ಐನೂರು ಕೇಳಿದಿ. ಬಸ್ಸಿನವರನ್ನ ನಂಬಾಕ ಆಗೂದಿಲ್ಲ, ಐನೂರಾ ಐವತ್ತು ಇಟ್ಟೀನಿ.

ಮೂವತ್ತೆರಡು ಮಂದಿ ಅಂತ ಬರದಿ. ನಾ ಊರಾಗ ನೂರು ಮಂದಿ ಅಂತ ಹೇಳೀನಿ. ಇವತ್ತಿಲ್ಲ ನಾಳಿ ಆಗ್ತಾರ, ಅದಕ್ಕೇನ.

ಭರಮಪ್ಪಗ ಹೇಳು, ನವರಂಗ್ ಸ್ಟಾಪಿಗೆ ಹತ್ತು ನಿಮಿಷ ಮೊದಲ ಹೋಗಿ ನಿಲ್ಲಾಕ. ಗಂಡನ್ನ ಬೈಲಾರದಕ್ಕ ನನ್ನ ಬೈಬ್ಯಾಡ.

ಅಕ್ಕವ್ವ


ಮಾರೇನಹಳ್ಳಿ
ಬುಧವಾರ, 9 ಜುಲೈ 2003

ಅಕ್ಕಾ,

ಸೋಮವಾರ ಬರಬೇಕಾದ ಪೆಟಗಿ ಇವತ್ತ ಬಂತು. ಇವರು ನವರಂಗ್‌ನಾಗ ಎರಡು ತಾಸು ನಿಂತು ಬರಿಗೈಲೆ ಬಂದ್ರು. ವೆಂಕಟೇಶ ರಜಾ ಇದ್ದನಂತ. ಬದಲೀ ಬಂದ ಡ್ರೈವರಗ ನಮ್ಮ ಪೆಟಗಿ ಎಲ್ಲಿ ಇಳಸಬೇಕು ಅನ್ನೂದು ಗೊತ್ತಿಲ್ಲ. ಮೆಜೆಸ್ಟಿಕ್‌ಗೆ ಹೋತು, ತಿರಗಿ ರಾಮದುರ್ಗಕ್ಕ ಹೋತು, ಮತ್ತ ಇಲ್ಲಿಗೆ ಬಂತು. ನಮ್ಮ ಪೆಟಗಿ ತಿರಗಾಡಿದಷ್ಟು ದೇಶ ನಾ ತಿರಗಿಲ್ಲ.

ಎರಡು ದಿನ ಬರೇ ಅನ್ನಾ ಸಾರು ಹಾಕೀನಿ. ನಾಕು ಮಂದಿ ಎದುರಿನ ಮೆಸ್ಸಿಗೆ ಹೋದ್ರು. ಇವತ್ತೂ ತಿರಗಿ ಬರಲಿಲ್ಲ.

ಜ್ಞಾನಭಾರತಿಯೊಳಗ ಎಂ.ಕಾಂ. ಓದೋ ಮುತ್ತುರಾಜ ಅಂತ ಹುಡುಗ ದಿನಾ ಇಲ್ಲೇ ಉಣ್ತಾನ. ಅಂವ ಸಾರು ಸುರಕೋತ ಅಂತಾನ: "ಅಕ್ಕಾರ, ನೀವು ಮಾಡೂದಕ್ಕ ಸಪ್ಲೈ ಚೈನ್ ಅಂತಾರ. ನಮಗ ಅದರ ಮ್ಯಾಲ ಒಂದು ಪೇಪರ್ ಐತಿ. ಹೊಲದಾಗಿನ ಜೋಳದಿಂದ ಹಿಡದು ತಾಟಿನಾಗಿನ ರೊಟ್ಟಿ ತನಕ ಒಂದ ಸರಪಳಿ. ನಡುವ ಒಂದು ಕೊಂಡಿ ಕಳಚಿದ್ರ ತುದೀಗೆ ಇದ್ದಾಂವ ಉಪವಾಸ." ನಾ ಅಂದೆ, "ಎರಡು ದಿನದಿಂದ ನಾನೂ ಅದನ್ನ ಬಡಕೊಳ್ಳಾಕತ್ತೀನಪಾ, ನನಗ್ಯಾರೂ ಡಿಗ್ರಿ ಕೊಡವಲ್ರು." ಮೂರು ದಿನದ ರೊಟ್ಟಿ ಯಾವಾಗಲೂ ಮನ್ಯಾಗ ಹೆಚ್ಚಿಗೆ ಇರಬೇಕಂತ. ಅವರ ಪುಸ್ತಕದಾಗ ಬರದೈತಂತ. ದಿನಾ ಅಷ್ಟು ರೊಟ್ಟಿ ಬುಟ್ಟ್ಯಾಗ ಇಡತಿದ್ದ ನಮ್ಮವ್ವ ಯಾವ ಪುಸ್ತಕ ಓದಿದ್ದಳು?

ಒಂದು ಚಲೋ ಸುದ್ದಿ. ಬಾಳೇಶನ ಗಾರ್ಮೆಂಟ್ಸ್‌ನ ಸೂಪರ್‌ವೈಸರ್ ವೆಂಕಟಗಿರಿ ಅನ್ನೋರು ಬಂದಿದ್ರು. "ನಮ್ ಯೂನಿಟ್‌ನಲ್ಲಿ ನಿಮ್ ಕಡೆಯವರು ಜಾಸ್ತಿ ಇದಾರೆ ಕಣಮ್ಮಾ, ಮಧ್ಯಾಹ್ನದ ಊಟ ಇಲ್ಲಿಗೇ ಕಳಿಸ್ತೀರಾ?" ಅಂದ್ರು. ಅರವತ್ತು ಮಂದಿ ಅಕ್ಕಾ! ಇನ್ನ ಮ್ಯಾಲ ವಾರಕ್ಕ ಸಾವಿರದಾ ನೂರು ರೊಟ್ಟಿ ಬೇಕು. ಆಗತೈತೋ ಇಲ್ಲೋ ಇವತ್ತ ಹೇಳು. ಆಮ್ಯಾಲ ಕೈ ಎತ್ತಬ್ಯಾಡ.

ಕಲಾವತಿ


ಕಲ್ಲೂರ
ರವಿವಾರ, 20 ಜುಲೈ 2003

ಕಲಾವತಿ,

ಆಗತೈತೋ ಇಲ್ಲೋ ಅಂತ ನನ್ನ ಕೇಳ್ತಿ?

ಮತ್ತ ನಾಕು ಮಂದಿನ್ನ ಕರಕೊಂಡೀನಿ. ಈಗ ನನ್ನ ಬಿಟ್ಟು ಎಂಟು ಮಂದಿ. ಹೊಸಾ ಹಂಚು ಎರಡು ತಂದೀನಿ. ಶುಕ್ರವಾರ, ಶನಿವಾರ ಎರಡೂ ದಿನ ನಮ್ಮ ಪಡಸಾಲ್ಯಾಗ ರೊಟ್ಟಿ ಬಡಿಯೂ ಸಪ್ಪಳಕ್ಕ ಒಬ್ಬರ ಮಾತು ಒಬ್ಬರಿಗೆ ಕೇಳಸೂದಿಲ್ಲ. ಹೊಸಬರು ಕೇಳಿದ್ರು, "ಅಕ್ಕವ್ವಾ, ಈ ಕೆಲಸ ನಿಲ್ಲೂದಿಲ್ಲ ಹೌದಲ್ಲ?" ನಾ ಹೇಳೀನಿ, "ನನ್ನ ತಂಗಿ ಇರೂತನಕಾ ನಿಲ್ಲೂದಿಲ್ಲ."

ಹೋದ ವಾರ ಗಿರಣಿ ಮುಂದ ಅರ್ಧಾ ದಿನ ಕುಂತೀನಿ. ಕರೆಂಟಿಲ್ಲ. ನಿಮ್ಮ ಮುತ್ತುರಾಜಗ ಕೇಳು, ಕರೆಂಟ್ ಹೋದಾಗ ಯಾವ ಚೈನ್ ಎಳದರ ಗಿರಣಿ ತಿರಗತೈತಿ ಅಂತ. ಗೊತ್ತಿದ್ರ ಪತ್ರ ಬರೀಲಿ.

ನೀ ಸಾವಿರದಾ ನೂರು ಅಂದಿ. ಸಾವಿರದಾ ಮುನ್ನೂರು ಇಟ್ಟೀನಿ. ನಿನಗ ಕಡಿಮಿ ಬಿದ್ರ ಮತ್ತ ನನಗ ಬೈಗಳಾ.

ಅಕ್ಕವ್ವ


ಮಾರೇನಹಳ್ಳಿ
ಬುಧವಾರ, 8 ಅಕ್ಟೋಬರ್ 2003

ಅಕ್ಕಾ,

ಸಾಕು. ರೊಟ್ಟಿ ಕಳಸೂದು ನಿಲ್ಲಸು.

ಕಡಿಮಿ ಮಾಡು, ಏಳನೂರು ಸಾಕು ಅಂತ ಮೂರು ವಾರದ ಹಿಂದ ಬರದಿದ್ದೆ. ಒಂಬೈನೂರು ಬಂದ್ವು. ಮುಂದಿನ ವಾರ ಮತ್ತ ಒಂಬೈನೂರು. ನೀ ನನ್ನ ಪತ್ರ ಓದ್ತಿಯೋ, ಅದರಾಗ ಒಲಿ ಹಚ್ತಿಯೋ? ದಸರಾ ಸೂಟಿಗೆ ಹುಡುಗರು ಊರಿಗೆ ಹೋಗಿ ಎಂಟು ದಿನ ಆತು. ಖಾನಾವಳ್ಯಾಗ ಒಂಬತ್ತು ಮಂದಿ. ಮನ್ಯಾಗ ಎರಡು ಸಾವಿರದ ಮ್ಯಾಲ ರೊಟ್ಟಿ. ಮಂಚದ ಕೆಳಗ ರೊಟ್ಟಿ, ಟಿ.ವಿ. ಮ್ಯಾಲ ರೊಟ್ಟಿ. ಆಯುಧ ಪೂಜಾಕ್ಕ ಮಿಕ್ಸರ್ ತೊಳದು ಇಡಾಕ ಜಾಗಾ ಸಿಗಲಿಲ್ಲ.

ಮನಿ ಮಾಲಕರ ಹೆಂಡತಿ ಜಗದಾಂಬಾ ಆಂಟಿ ನಿನ್ನೆ ಬಾಗಲದಾಗ ನಿಂತು, "ಏನ್ರೀ ಕಲಾವತಿ, ನಿಮ್ ರೊಟ್ಟಿ ಇರುವೆಗಳು ನಮ್ ದೇವರ ಮನೆಗೂ ಬಂದಿವೆ. ಹಿಂಗಾದ್ರೆ ಬೇರೆ ಕಡೆ ನೋಡ್ಕೊಳ್ಳಿ" ಅಂದ್ರು. ಇನ್ನೇನ ಕೇಳಬೇಕು ನಾನು?

ಮತ್ತ ಕೇಳು. ಹೋದ ಎರಡು ಪೆಟಗಿ ರೊಟ್ಟಿಗೆ ಬೂಸ್ಟು ಹಿಡದಾವ. ಪೂರಾ ಆರೂಕಿಂತ ಮೊದಲ ಕಟ್ಟೀರಿ. ಅಷ್ಟು ಅವಸರ ಯಾಕ ಇತ್ತು? ಕಾಮಾಕ್ಷಿಪಾಳ್ಯದ ದನದ ಕೊಟ್ಟಿಗಿಗೆ ನಾನ ಹೊತ್ತಕೊಂಡ ಹೋಗಿ ಹಾಕಿ ಬಂದೀನಿ. ರೊಟ್ಟಿ ಅಂದ್ರ ಮಳಿ ಅಲ್ಲ ಅಕ್ಕಾ, ಯಾರೂ ಕೇಳದ ಸುರಿಯಾಕ.

ನಾ ಹೇಳೂತನಕಾ ಪೆಟಗಿ ಬರೂದು ಬ್ಯಾಡ.

ಕಲಾವತಿ


ಕಲ್ಲೂರ
ರವಿವಾರ, 12 ಅಕ್ಟೋಬರ್ 2003

ಕಲಾವತಿ,

ಪೆಟಗಿ ನಿಲ್ಲಿಸೀನಿ. ಈ ಪತ್ರ ವೆಂಕಟೇಶನ ಕೈಯಾಗ ಕೊಟ್ಟೀನಿ.

ಅಕ್ಕವ್ವ


ಮಾರೇನಹಳ್ಳಿ
ಸೋಮವಾರ, 24 ನವೆಂಬರ್ 2003

ಅಕ್ಕಾ,

ಇದು ಮೂರನೇ ಪತ್ರ. ಮೊದಲಿನ ಎರಡೂ ವೆಂಕಟೇಶನ ಕೈಯಾಗ ಕೊಟ್ಟಿದ್ದೆ. "ನಾನ ಅವರ ಮನಿ ತನಕಾ ಹೋಗಿ ಕೊಟ್ಟೀನ್ರೀ, ಅಕ್ಕಾರು ಇಸಕೊಂಡು ಒಳಗ ಹೋದ್ರು, ಚಾ ಸೈತ ಕೇಳಲಿಲ್ಲ" ಅಂತಾನ. ನೀ ಚಾ ಕೇಳಲಿಲ್ಲ ಅಂದ ಮ್ಯಾಲ ನನಗ ಹೆದರಿಕಿ ಆಗೇತಿ.

ಹುಡುಗರು ತಿರಗಿ ಬಂದಾರ. ಹಳೇ ರೊಟ್ಟಿ ಮುಗದಾವ. ಕೆಂಗೇರಿ ಕಡೆ ಒಬ್ಬರು ಮಷೀನಿನಾಗ ಮಾಡ್ತಾರ. ಮೂರು ವಾರದಿಂದ ಅದನ್ನ ತರಾಕತ್ತೀವಿ. ಒಂದ ಅಳತಿ, ಒಂದ ದುಂಡಗ, ಹೇಳಿದ ಹೊತ್ತಿಗೆ ಬರ್ತಾವ. ಹೆಸರಿಡಾಕ ಏನೂ ಇಲ್ಲ. ಬಾಳೇಶ ಮಾತ್ರ ಎರಡರ ಬದಲೀ ಒಂದ ತಿಂದು ಏಳ್ತಾನ. ಯಾಕೋ ಅಂದ್ರ, "ಸಾಕ್ರೀ ಅಕ್ಕಾರ" ಅಂತಾನ.

ನಿನಗ ಸಿಟ್ಟಿದ್ರ ಬೈದರ ಬರಿ. ಸುಮ್ಮನ ಕುಂದರಬ್ಯಾಡ.

ನಿನ್ನ ತಂಗಿ
ಕಲಾವತಿ


ಕಲ್ಲೂರ
ಬುಧವಾರ, 3 ಡಿಸೆಂಬರ್ 2003

ಕಲಾವತಿ,

ನಿನ್ನ ಮೂರೂ ಪತ್ರ ಮುಟ್ಟ್ಯಾವ. ಬರಿಯಾಕ ಕುಂತ್ರ ಏನ ಬರೀಬೇಕು ಅನ್ನೂದ ತಿಳೀತಿದ್ದಿಲ್ಲ. ಈಗ ಎಲ್ಲಾ ಬರೀತೀನಿ, ನಡುವ ಬಾಯಿ ಹಾಕಬ್ಯಾಡ.

ಏಳನೂರು ಸಾಕು ಅಂತ ನೀ ಬರದ ಪತ್ರ ನಾ ಓದಿದ್ದೆ. ಹೊಸದಾಗಿ ಬಂದ ನಾಕು ಮಂದಿಗೆ ಬರಬ್ಯಾಡ್ರಿ ಅನ್ನಾಕ ಬಾಯಿ ಬರಲಿಲ್ಲ. ಕೆಲಸ ನಿಲ್ಲೂದಿಲ್ಲ ಅಂತ ನಾನ ಹೇಳಿದ್ದೆನಲ್ಲ. ಎಲ್ಲಾರಿಗೂ ಕೈತುಂಬ ಕೆಲಸ ಇರಲಿ ಅಂತ ಒಂಬೈನೂರು ಮಾಡಿಸಿದೆ. ಪಡಸಾಲ್ಯಾಗ ಆರ ಹಾಕಾಕ ಜಾಗಾ ಸಾಲಲಿಲ್ಲ, ಅದಕ್ಕ ಹಸಿ ಉಳದ್ವು. ಬೂಸ್ಟು ಹಿಡದದ್ದು ನನ್ನ ತಪ್ಪ.

ಆಮ್ಯಾಲ ನೀ ಪೂರಾ ನಿಲ್ಲಸು ಅಂದಿ. ನಿಲ್ಲಿಸಿದೆ ಅಂತ ನಿನಗ ಬರದೆ. ಆದ್ರ ಅವರಿಗೆ ಹೇಳಲಿಲ್ಲ. ಎರಡು ವಾರ ಎಂಟೂ ಮಂದಿ ಬಂದ್ರು, ಬಡದ್ರು, ಬೇಯಿಸಿದ್ರು, ಕಟ್ಟಿಟ್ಟು ಹೋದ್ರು. ರವಿವಾರ ನಾ ಒಬ್ಬಾಕಿನ ಬಸ್‌ಸ್ಟ್ಯಾಂಡ್ ದಾರಿ ಹಿಡದು ಹೋಗಿ, ಸುತ್ತ ಹಾಕಿ, ಹಿತ್ತಲ ಬಾಗಲದಿಂದ ಮನಿಗೆ ಬರ್ತಿದ್ದೆ. ಆ ರೊಟ್ಟಿ ಎಲ್ಲಾ ಎಮ್ಮಿಗೆ ಹಾಕಿದೆ.

ಮೂರನೇ ವಾರ ಬೋರಮ್ಮ ಬೆಂಕಿ ಕೇಳಾಕಂತ ಹಿತ್ತಲಕ್ಕ ಬಂದ್ಲು. ಎಮ್ಮಿ ಮುಂದಿನ ಗ್ವಾದಲ್ಯಾಗ ಬಿದ್ದ ರೊಟ್ಟಿ ನೋಡಿದ್ಲು. ಒಂದು ರೊಟ್ಟಿ ಎತ್ತಿ, ಅಂಚು ಮುಟ್ಟಿ, "ಇದು ನನ್ನ ಕೈಯಾಂದು" ಅಂದ್ಲು.

"ನಿನ್ನ ತಂಗಿ ಬ್ಯಾಡ ಅಂದ್ಲೇನು?"

"ಹೂಂ."

"ಯಾವಾಗ?"

"ಎರಡು ವಾರ ಆತು."

"ಎರಡು ವಾರ ನಮ್ಮ ಕೈಲೆ ಎಮ್ಮಿಗೆ ರೊಟ್ಟಿ ಬಡಿಸಿದೇನು ಅಕ್ಕವ್ವಾ? ಕೆಲಸಿಲ್ಲ ಅಂದ್ರ ಮನಿಗೆ ಹೋಗ್ತಿದ್ವಿ. ನಮ್ಮನ್ನ ಇಷ್ಟು ಹಗರ ತಿಳದೀ?"

ಅಂದಾಕಿನ ಹೋದ್ಲು. ಅವತ್ತಿಂದ ನಮ್ಮ ಪಡಸಾಲ್ಯಾಗ ಯಾರೂ ಕಾಲಿಟ್ಟಿಲ್ಲ. ಬಾವಿ ಕಟ್ಟಿ ಮ್ಯಾಲ ಸಿಕ್ಕರೂ ಬೋರಮ್ಮ ಕೊಡಾ ತುಂಬಕೊಂಡು ಹೋಗ್ತಾಳ.

ಒಂದ ಮಾತು ಕೇಳ್ತೀನಿ, ಸುಳ್ಳು ಹೇಳಬ್ಯಾಡ. ನಿನ್ನ ಖಾನಾವಳ್ಯಾಗ ಖರೇನ ಉಣ್ಣೋರು ಎಷ್ಟು ಮಂದಿ?

ಅಕ್ಕವ್ವ


ಮಾರೇನಹಳ್ಳಿ
ಬುಧವಾರ, 10 ಡಿಸೆಂಬರ್ 2003

ಅಕ್ಕಾ,

ಇಪ್ಪತ್ತಾರು.

ಗಾರ್ಮೆಂಟ್ಸ್‌ನವರು ಅರವತ್ತು ಮಂದಿ ಅಂತ ಬರದಿದ್ದೆನಲ್ಲ, ವೆಂಕಟಗಿರಿ ಹೇಳಿದ್ದು ನಲವತ್ತು. ಬಸ್ಸಿನಾಗ ಮುರೀತಾವ, ತಡಾ ಆಗತಾವ, ನೀ ಕಡಿಮಿ ಕಳಸಿದ್ರ ನನ್ನ ಗತಿ ಏನು ಅಂತ ಹೆದರಿ ಅರವತ್ತು ಮಾಡಿದೆ. ಅದರ ಮ್ಯಾಲ ನೀ ಇನ್ನೂರು ಏರಿಸಿದಿ. ಗಣಪತಿ ಹಬ್ಬ ಆಗಿ ಎರಡು ವಾರಕ್ಕ ಅವರು ಒಂದು ಶಿಫ್ಟ್ ಮುಚ್ಚಿದ್ರು. "ಸಾರಿ ಕಣಮ್ಮಾ, ಇನ್ಮೇಲೆ ಊಟ ಬೇಡ" ಅಂದ್ರು. ಅವತ್ತ ನಿನಗ ಬರೀಬೇಕಿತ್ತು. ನಾಳಿ ಮತ್ತ ಕರೀತಾರ, ನಾಡದ್ದು ಕರೀತಾರ ಅಂತ ಕುಂತೆ. ಕಡೀಗೆ ಏಳನೂರು ಅಂತ ಬರದೆ. ಅದೂ ಸುಳ್ಳ. ಮುನ್ನೂರು ಸಾಕಿದ್ವು.

ನೀ ಊರತುಂಬ ನೂರು ಮಂದಿ ಅಂತ ಹೇಳಿದ್ದಿ. ನಾ ಹ್ಯಾಂಗ ಇಪ್ಪತ್ತಾರು ಅನ್ನಲಿ?

ಮುತ್ತುರಾಜಗ ನಿನ್ನ ಪತ್ರ ಓದಿ ಹೇಳಿದೆ. ನಗತಾನ ಅಂತ ತಿಳದಿದ್ದೆ, ನಗಲಿಲ್ಲ. ತಾಟು ಬಾಜೂಕ ಸರಿಸಿ ಅಂದ: "ನಮಗ ಪಾಠ ಹೇಳೋ ಸರ್ ಇದನ್ನ ಬೋರ್ಡಿನ ಮ್ಯಾಲ ಬರದು ತೋರಸ್ತಾರ್ರೀ. ಸರಪಳ್ಯಾಗ ಪ್ರತಿಯೊಬ್ಬರೂ ತಮ್ಮ ತಮ್ಮ ಹೆದರಿಕಿ ಕೂಡಿಸಿ ಮುಂದಿನವರಿಗೆ ಹೇಳ್ತಾರ. ಇಲ್ಲಿ ಇಪ್ಪತ್ತು ಮಂದಿಗೆ ಹಸಿವಾದ್ರ ನಿಮ್ಮೂರು ಮುಟ್ಟೂದರಾಗ ಅದು ನೂರು ಮಂದಿ ಹಸಿವು ಆಗಿರತೈತಿ. ಯಾರೂ ಕೆಟ್ಟವರಲ್ಲ, ಯಾರೂ ಖರೆ ಹೇಳೂದಿಲ್ಲ, ಅಷ್ಟ." ಆಮ್ಯಾಲ ಕೇಳಿದ, "ಎಮ್ಮಿಗೆ ಹಾಕಿದ್ರೇನ್ರೀ ಖರೇನ?"

ನಂದೂ ತಪ್ಪೈತಿ. ಬೋರಮ್ಮಗ ಹೇಳು. ಅಲ್ಲ, ಹೇಳಬ್ಯಾಡ, ಈ ಪತ್ರಾನ ಕೊಡು. ಅಕಿನ ಓದ್ಲಿ.

ಕಲಾವತಿ


ಕಲ್ಲೂರ
ರವಿವಾರ, 21 ಡಿಸೆಂಬರ್ 2003

ಕಲಾವತಿ,

ಪತ್ರ ಕೊಟ್ಟೆ. ಬೋರಮ್ಮ ಕಟ್ಟಿ ಮ್ಯಾಲ ಕುಂತು, ಬಟ್ಟು ಇಟ್ಟು, ಒಂದೊಂದ ಅಕ್ಷರ ಕೂಡಿಸಿ ಓದಿದ್ಲು. ಒಂದು ತಾಸು ಹಿಡೀತು. ನಾ ಎದುರಿಗೆ ನಿಂತ ಇದ್ದೆ. ಕುಂದರು ಅನ್ನಲಿಲ್ಲ.

ಓದಿ ಮುಗಿಸಿ, "ಅಕ್ಕ ತಂಗಿ ಇಬ್ಬರೂ ಒಂದ ಅಚ್ಚಿನವರು" ಅಂದ್ಲು. ಬೈದದ್ದೋ ಏನೋ. ಆದ್ರ ಸಂಜಿಮುಂದ ಏಳೂ ಮಂದಿನ್ನ ಕರಕೊಂಡು ನಮ್ಮ ಮನಿಗೆ ಬಂದ್ಲು. ನಾ ಎಲ್ಲಾರ ಮುಂದ ತಪ್ಪಾತು ಅಂದೆ. ನನಗ ಅದು ರೂಢಿ ಇಲ್ಲ, ನಿನಗ ಗೊತ್ತೈತಿ.

ಆಮ್ಯಾಲ ಅವರ ಠರಾಯಿಸಿದ್ರು. ವಾರಕ್ಕ ಮುನ್ನೂರಾ ಹನ್ನೆರಡು. ಒಂದು ವಾರ ನಾಕು ಮಂದಿ, ಮುಂದಿನ ವಾರ ಉಳದ ನಾಕು ಮಂದಿ. ರಾಮದುರ್ಗ ಬಸ್‌ಸ್ಟ್ಯಾಂಡಿನ ಹೋಟೆಲ್ಲಿಗೆ ದಿನಾ ಮೆತ್ತನ್ನ ರೊಟ್ಟಿ ಬೇಕಂತ. ಅಲ್ಲಿಗೆ ಬೋರಮ್ಮನ ಹೋಗಿ ಮಾತಾಡಿ ಬಂದಾಳ. ಪೆಟಗಿ ಟಾಪ್ ಮ್ಯಾಲ ಹಾಕದಂಗ ವೆಂಕಟೇಶಗೂ ಅಕಿನ ಹೇಳ್ಯಾಳ. ಡ್ರೈವರ್ ಸೀಟಿನ ಹಿಂದ ಇಡತಾನಂತ. ಬದಲೀ ಡ್ರೈವರ್ ಬಂದ್ರ ಚೀಟಿ ಕೊಟ್ಟ ಹೋಗ್ತಾನಂತ. ಇಷ್ಟು ಸಣ್ಣ ಮಾತು ಆರು ತಿಂಗಳದಾಗ ನಮ್ಮಿಬ್ಬರಿಗೂ ಹೊಳೀಲಿಲ್ಲ ನೋಡು.

ಉಣ್ಣೋರು ಒಬ್ಬರು ಕಡಿಮಿ ಆದ್ರೂ ಬರೀಬೇಕು, ಒಬ್ಬರು ಹೆಚ್ಚಾದ್ರೂ ಬರೀಬೇಕು. ಇದು ನಾ ಹೇಳೂದಲ್ಲ, ಬೋರಮ್ಮನ ಹುಕುಂ.

ಸಂಕ್ರಮಣ ಮುಗದ ಮ್ಯಾಲ ಪೆಟಗಿ ಸಂಗತೀನ ನಾವಿಬ್ಬರೂ ಬರ್ತೀವಿ. ಯಾರು ಉಣ್ತಾರ ಅಂತ ಅಕಿ ನೋಡಬೇಕಂತ.

ಅಕ್ಕವ್ವ


ಮಾರೇನಹಳ್ಳಿ
ಬುಧವಾರ, 7 ಜನವರಿ 2004

ಅಕ್ಕಾ,

ರೊಟ್ಟಿ ಬಂದ್ವು. ಮೂರು ಮುರದಿದ್ವು. ಮೂರಕ್ಕ ನಾ ಜಗಳಾ ತಗಿಯೂದಿಲ್ಲ.

ಬರಬ್ಯಾಡ್ರಿ ಅನ್ನೂದಿಲ್ಲ. ಆದ್ರ ಬೋರಮ್ಮನ್ಯಾಕ ಕರಕೊಂಡ ಬರ್ತಿ? ಇಲ್ಲಿ ನೋಡುವಂಥಾದ್ದು ಏನೈತಿ? ನಮ್ಮದು ಟಯರ್ ಅಂಗಡಿ ಹಿಂದಿನ ತಗಡಿನ ಶೆಡ್ಡು. ನಾಕು ಬೆಂಚು. ಮುಂದ ಬೋರ್ಡ್ ಸೈತ ಇಲ್ಲ. ಮಧ್ಯಾಹ್ನ ಬಿಸಲಿಗೆ ತಗಡು ಕಾದು, ಒಲಿ ಮುಂದ ಕುಂತಂಗ ಆಗತೈತಿ. ನಿನಗ ಇಷ್ಟು ದಿನ ಏನ ಹೇಳಿದ್ದೆನೋ ನನಗ ನೆನಪಿಲ್ಲ, ನೀ ಏನ ತಿಳದೀಯೋ ಗೊತ್ತಿಲ್ಲ. ಬಂದು ಮಾರಿ ಸಣ್ಣದು ಮಾಡಬ್ಯಾಡ್ರಿ, ಅಷ್ಟ. ಬರೂದಾದ್ರ ಸ್ವೆಟರ್ ತರ್ರಿ, ಮುಂಜಾನೆ ಥಂಡಿ ಐತಿ.

ಕಲಾವತಿ


ಕಲ್ಲೂರ
ರವಿವಾರ, 25 ಜನವರಿ 2004

ತಂಗೀ ಕಲಾವತಿ,

ನಾನೂ ಬೋರಮ್ಮನೂ ಸುಖವಾಗಿ ಊರು ಮುಟ್ಟಿದ್ವಿ. ನನಗ ನಿನ್ನ ಮ್ಯಾಲ ಸಿಟ್ಟು ಬಂದಿತ್ತು. ಶೆಡ್ಡಿಗಲ್ಲ, ಬೆಂಚಿಗಲ್ಲ. ಯಾಕಂತ ಹೇಳ್ತೀನಿ.

ಮಂಗಳವಾರ ಮಧ್ಯಾಹ್ನ ಆ ಬಾಳೇಶ ಉಣ್ಣಾಕ ಕುಂತಾಗ ಬೋರಮ್ಮ ಒಲಿ ಹಂತೇಕ ನಿಂತು ನೋಡಾಕತ್ತಿದ್ಲು. ಅಂವ ಎರಡನೇ ರೊಟ್ಟಿ ಮುರದು ಎಣ್ಣಿಗಾಯಿ ಹಚ್ಚಿ ಬಾಯಾಗ ಇಟ್ಟಾಗ ಅಕಿ ತಾನೂ ಬಾಯಿ ಆಡಿಸಿದ್ಲು, ಕೂಸಿಗೆ ಉಣಿಸೂಮುಂದ ತಾಯಿ ಆಡಿಸಿದಂಗ. ನಾ ಅದನ್ನ ನೋಡಿ ನಗಬೇಕಂದೆ. ಅಷ್ಟರಾಗ ನೀನೂ ಭರಮಪ್ಪನೂ ಕಂಡ್ರಿ. ಎರಡೂವರಿ ಆಗಿತ್ತು. ಎಲ್ಲಾರೂ ಉಂಡು ಎದ್ದಿದ್ರು. ನೀವಿಬ್ಬರೂ ಒಲಿ ಹಿಂದ ಕುಂತು ಬೋಗಾಣಿ ತಳದ ಅನ್ನ ಕೆರಕೊಂಡು, ನೀರಮಜ್ಜಿಗಿ ಹಾಕಿ ಉಣ್ಣಾಕತ್ತಿದ್ರಿ. ರೊಟ್ಟಿ ಯಾಕಿಲ್ಲ ಅಂದ್ರ, "ನಮಗ ಅನ್ನಾನ ಸೇರತೈತಿ" ಅಂದಿ. ಜ್ವಾಳದ ಹೊಲದಾಗ ಹುಟ್ಟಿದಾಕಿ, ನನ್ನ ಮುಂದ ಹೇಳೂ ಮಾತೇನು ಅದು?

ಊರಿಗೆ ಬಂದ ಮ್ಯಾಲ ಹೆಣಮಕ್ಕಳೆಲ್ಲಾ ಕೂಡಿ, ನಿನ್ನ ತಂಗಿ ಖಾನಾವಳಿ ಹ್ಯಾಂಗೈತಿ ಅಂತ ಕೇಳಿದ್ರು. ಈ ಸಲ ಇದ್ದದ್ದು ಇದ್ದಂಗ ಹೇಳೀನಿ. ತಗಡಿನ ಶೆಡ್ಡು, ನಾಕು ಬೆಂಚು, ಇಪ್ಪತ್ತಾರು ಮಂದಿ. ಯಾರೂ ನಗಲಿಲ್ಲ. ಅಷ್ಟರಾಗ ಬೋರಮ್ಮ, ಬಸ್ಸಿನಾಗ ತುಟಿ ಪಿಟಕ್ಕನ್ನದಾಕಿ, ಹಿಟ್ಟಿನ ಕೈ ಝಾಡಿಸಿ ನನ್ನ ಕಡೆ ತಿರಗಿದ್ಲು.

"ಅಕ್ಕವ್ವಾ, ಆ ಇಪ್ಪತ್ತಾರರಾಗ ಕಲಾವತಿ ಅದಾಳೇನು? ಅಕಿ ಗಂಡ ಅದಾನೇನು?"

ಏಳೆಂಟು ತಿಂಗಳು ನೀ ಎಣಿಸಿದಿ, ನಾ ಎಣಿಸಿದೆ, ಎಂ.ಕಾಂ. ಹುಡುಗನೂ ಎಣಿಸಿದ. ಯಾರಿಗೂ ನೀವಿಬ್ಬರು ನೆನಪಾಗಲಿಲ್ಲ, ನಿನಗೂ ಸೈತ.

ಈ ಪೆಟಗ್ಯಾಗ ಮುನ್ನೂರಾ ಮೂವತ್ತಾರು ಅದಾವ. ಹೆಚ್ಚಿಗೆ ಕಳಿಸೀನಿ ಅಂತ ಬೈಬ್ಯಾಡ. ಇಪ್ಪತ್ತೆಂಟು ಮಂದಿ, ತಲಿಗೆ ಎರಡು, ಆರು ದಿನ. ಲೆಕ್ಕ ಸರಿ ಐತಿ. ನಿಮ್ಮಿಬ್ಬರದು ಮೊದಲ ತಗದಿಟ್ಟು ಆಮ್ಯಾಲ ಮಂದಿಗೆ ಬಡಸು.

ನಿನ್ನ ಅಕ್ಕ
ಅಕ್ಕವ್ವ